ಹೊಸ ಬಡಾವಣೆಯಿಂದ ಸುರಕ್ಷಿತ ಸೈಕಲ್ ದಾರಿಗೆ: ಯಾವ ಕೊಂಡಿ ಆರಿಸಬೇಕು?

ಹೊಸ ಬಡಾವಣೆಯ ನಕ್ಷೆ ಬಿಡಿಸಿ ನೋಡಿದರೆ ಒಳಗೆಲ್ಲ ಸೈಕಲ್ ದಾರಿಯ ಹಸಿರು ಗೆರೆಯನ್ನು ಧಾರಾಳವಾಗಿ ಎಳೆದಿರುತ್ತಾರೆ. ಗಡಿ ಬಂದ ತಕ್ಷಣ ಗೆರೆ ನಿಂತುಬಿಡುತ್ತದೆ. ಊರಿನ ಸೈಕಲ್ ದಾರಿ ಅಲ್ಲಿಂದ ಮುನ್ನೂರೋ ಎಂಟುನೂರೋ ಮೀಟರ್ ದೂರದಲ್ಲಿ, ವಾಹನಗಳು ಭರ್ರೆಂದು ಓಡುವ ರಸ್ತೆಯೊಂದರ ಆಚೆ ಇರುತ್ತದೆ. ಬಡಾವಣೆಯವರು ಸೈಕಲ್ ತುಳಿಯುತ್ತಾರೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಈ ನಡುವಿನ ತುಂಡಿನಲ್ಲಿ. ಅದು ಕೆಟ್ಟದ್ದಾದರೆ ಮಕ್ಕಳ ಸೈಕಲ್ಲು ಕಾಂಪೌಂಡಿನೊಳಗೇ ಸುತ್ತುತ್ತದೆ, ದೊಡ್ಡವರದು ಮೆಟ್ಟಿಲ ಕೆಳಗೆ ಧೂಳು ಹಿಡಿಯುತ್ತದೆ.

ಈ ತುಂಡನ್ನು ಕಟ್ಟಲು ಸಾಮಾನ್ಯವಾಗಿ ಎದುರಿಗಿರುವ ಆಯ್ಕೆಗಳು ಇವು: ಕಾಂಪೌಂಡಿನಲ್ಲಿ ದಾರಿ ಬಿಟ್ಟು ಪಕ್ಕದ ಬೀದಿಗೆ ಸೇರಿಸುವುದು, ಇರುವ ಬೀದಿಯನ್ನೇ ಶಾಂತಗೊಳಿಸುವುದು, ಮುಖ್ಯರಸ್ತೆಯ ಅಂಚಿಗೆ ಪ್ರತ್ಯೇಕ ಪಥ ಹಾಕುವುದು, ಕಾಲುವೆ ಅಥವಾ ಉದ್ಯಾನದ ಬದಿಯಲ್ಲಿ ಹಸಿರು ದಾರಿ ಮಾಡುವುದು. ಇವೆಲ್ಲದರ ಜೊತೆಗೆ ದೊಡ್ಡ ರಸ್ತೆ ದಾಟುವ ಪ್ರಶ್ನೆಯೂ ಇದೆ: ಸಿಗ್ನಲ್ಲೋ, ನಡುದ್ವೀಪವೋ, ಅಂಡರ್‌ಪಾಸೋ, ಸೇತುವೆಯೋ? ಕಟ್ಟುವವರಿಗೆ ಅಗ್ಗದ್ದು ಬೇಕು, ನಿವಾಸಿಗಳಿಗೆ ಸುರಕ್ಷಿತವಾದದ್ದು ಬೇಕು, ಎಂಜಿನಿಯರಿಗೆ ಅನುಮೋದನೆ ಸಿಗುವಂಥದ್ದು ಬೇಕು. ಆಯ್ಕೆಯ ಚರ್ಚೆಗೆ ಮೊದಲು ಅಳತೆಗೋಲನ್ನು ಒಪ್ಪಿಕೊಂಡರೆ ಅರ್ಧ ಜಗಳ ಅಲ್ಲೇ ತೀರುತ್ತದೆ.

ಅಳತೆಗೋಲು

ಮೊದಲನೆಯದು ಸುತ್ತು. ಬಡಾವಣೆಯ ನಡುವಿನ ಒಂದು ಮನೆ ಬಾಗಿಲಿನಿಂದ ಶಾಲೆ, ನಿಲ್ದಾಣ, ಅಂಗಡಿ, ಹತ್ತಿರದ ಸೈಕಲ್ ದಾರಿ, ಇಷ್ಟಕ್ಕೆ ನೇರ ಗೆರೆ ಎಳೆದು ಅಳೆಯಿರಿ. ಆಮೇಲೆ ಸೈಕಲ್ ನಿಜವಾಗಿ ಹೋಗಬೇಕಾದ ದೂರವನ್ನು ಅಳೆದು ನೇರ ದೂರದಿಂದ ಭಾಗಿಸಿ. ಉತ್ತರ 1.2ರ ಆಸುಪಾಸಿನಲ್ಲಿದ್ದರೆ ಚೆನ್ನಾಗಿದೆ. 1.5 ದಾಟಿದರೆ ಜನ ಬೇಲಿ ಹಾರುತ್ತಾರೆ, ಇಲ್ಲವೇ ಕಾರಿನ ಕೀಲಿ ಹುಡುಕುತ್ತಾರೆ. ಕಾರು ಹೋಗುವ ದೂರವನ್ನೂ ಪಕ್ಕದಲ್ಲಿ ಬರೆದುಕೊಳ್ಳಿ. ಸೈಕಲ್ ದಾರಿ ಕಾರಿನ ದಾರಿಗಿಂತ ಉದ್ದವಾಗಿದ್ದರೆ ಆ ನಕ್ಷೆಯನ್ನು ಅಲ್ಲಿಗೇ ಮಡಚಿಡಬಹುದು.

ಎರಡನೆಯದು, ದಾರಿಯ ಅತಿ ದುರ್ಬಲ ಜಾಗ. ಒಂದು ದಾರಿಯ ಸುರಕ್ಷತೆಯನ್ನು ಸರಾಸರಿ ತೆಗೆದು ಅಳೆಯಲಾಗದು. ಒಂಬೈನೂರು ಮೀಟರ್ ಅಚ್ಚುಕಟ್ಟಾದ ಪಥ, ಕೊನೆಯ ನೂರು ಮೀಟರ್ ಲಾರಿಗಳ ನಡುವೆ ಎಂದರೆ, ಮಗುವನ್ನು ಕಳಿಸುವ ತಾಯಿಯ ಲೆಕ್ಕದಲ್ಲಿ ಆ ಒಂದು ಕಿಲೋಮೀಟರ್ ಪೂರ್ತಿ ಲಾರಿಗಳ ರಸ್ತೆಯೇ. ಹೀಗಾಗಿ ಆಯ್ಕೆಗಳನ್ನು ಹೋಲಿಸುವಾಗ ಪ್ರತಿಯೊಂದರ ಅತಿ ಕೆಟ್ಟ ಐವತ್ತು ಮೀಟರನ್ನು ಗುರುತಿಸಿ, ಅವನ್ನೇ ಪರಸ್ಪರ ಹೋಲಿಸಿ.

ಮೂರನೆಯದು ಕಾಯುವಿಕೆ ಮತ್ತು ಏರು. ಗಂಟೆಗೆ 15 ಕಿ.ಮೀ. ವೇಗದ ಸೈಕಲ್ಲು ನಿಮಿಷಕ್ಕೆ 250 ಮೀಟರ್ ಹೋಗುತ್ತದೆ. ಅಂದರೆ ಸಿಗ್ನಲ್ಲಿನಲ್ಲಿ 30 ಸೆಕೆಂಡು ಕಾಯಿಸಿದರೆ 125 ಮೀಟರ್ ಸುತ್ತು ಹಾಕಿಸಿದಂತೆ. ಏರಿನ ವಿಷಯದಲ್ಲಿ ಬ್ರಿಟನ್ನಿನ ಸಾರಿಗೆ ಇಲಾಖೆ 2020ರಲ್ಲಿ ಹೊರಡಿಸಿದ ಎಲ್‌ಟಿಎನ್ 1/20 ಮಾರ್ಗಸೂಚಿಯ ಮಿತಿ ಕೆಲಸಕ್ಕೆ ಬರುತ್ತದೆ: ಶೇ. 2ರ ಏರು 150 ಮೀಟರ್‌ವರೆಗೆ, ಶೇ. 3 ಆದರೆ 80 ಮೀಟರ್, ಶೇ. 5 ಆದರೆ 30 ಮೀಟರ್ ಮಾತ್ರ. ಅದಕ್ಕಿಂತ ಉದ್ದದ ಏರಾದರೆ ನಡುವೆ ಸಮತಟ್ಟು ಜಾಗ ಬೇಕು.

ನಾಲ್ಕನೆಯದು, ಯಾರ ಸೈಕಲ್ಲು? ಯುವಕನ ರೇಸಿಂಗ್ ಸೈಕಲ್ಲಿಗೆ ಅಳತೆ ಮಾಡಿದರೆ ಎಲ್ಲ ದಾರಿಯೂ ಪಾಸಾಗುತ್ತದೆ. ಅದೇ ಮಾರ್ಗಸೂಚಿ ವಿನ್ಯಾಸಕ್ಕೆ ಇಟ್ಟುಕೊಳ್ಳುವುದು 2.8 ಮೀಟರ್ ಉದ್ದ, 1.2 ಮೀಟರ್ ಅಗಲದ ಸೈಕಲ್ಲನ್ನು. ಮುಂದೆ ಮಕ್ಕಳ ಪೆಟ್ಟಿಗೆ ಕಟ್ಟಿದ ಕಾರ್ಗೋ ಸೈಕಲ್, ಅಂಗವಿಕಲರ ಮೂರು ಗಾಲಿಯ ಸೈಕಲ್ ಎಲ್ಲವೂ ಅದರೊಳಗೆ ಬರುತ್ತವೆ. ಈ ಗಾತ್ರದ ರಟ್ಟನ್ನು ನಕ್ಷೆಯ ಅಳತೆಗೆ ಕತ್ತರಿಸಿ ಪ್ರತಿ ತಿರುವಿನಲ್ಲೂ ಇಟ್ಟು ನೋಡಿ. ಎರಡು ನಿಮಿಷದ ಕೆಲಸ, ಆದರೂ ಹೆಚ್ಚಿನ ನಕ್ಷೆಗಳು ಇಲ್ಲೇ ಸಿಕ್ಕಿಬೀಳುತ್ತವೆ.

ಐದನೆಯದು ಕತ್ತಲು ಮತ್ತು ಮಳೆ. ಆರನೆಯದು, ದಾರಿ ತೆರೆಯುವ ದಿನ ಮತ್ತು ಆಮೇಲೆ ಅದನ್ನು ಗುಡಿಸುವವರು ಯಾರು ಎಂಬುದು. ಕೊನೆಯದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಅದರ ಬಗ್ಗೆ ಕೆಳಗೆ ಬೇರೆಯಾಗಿ ಬರೆದಿದೆ.

ಕಾಂಪೌಂಡಿನಲ್ಲಿ ಒಳದಾರಿ

ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಲಾಭ, ಮತ್ತು ಎಲ್ಲಕ್ಕಿಂತ ಹೆಚ್ಚು ವಿರೋಧ ಎದುರಿಸುವ ಆಯ್ಕೆ ಇದು. ಬಡಾವಣೆಯ ಹಿಂದಿನ ಗೋಡೆಯ ಆಚೆ ಒಂದು ಶಾಂತ ಬೀದಿ ಇದೆ, ಆ ಬೀದಿ ಶಾಲೆಯ ಹತ್ತಿರ ಹೋಗುತ್ತದೆ ಎಂದುಕೊಳ್ಳಿ. ಗೋಡೆಯಲ್ಲಿ ನಾಲ್ಕು ಮೀಟರ್ ತೆರೆದರೆ ಮುಖ್ಯ ಗೇಟಿನ ಸುತ್ತು ಪೂರ್ತಿ ತಪ್ಪುತ್ತದೆ, ಅಪಾಯದ ರಸ್ತೆಯೂ ತಪ್ಪುತ್ತದೆ. ಒಂದು ನಿವೇಶನದ ಪಕ್ಕದ ಪಟ್ಟಿಯಷ್ಟು ಜಾಗ ಸಾಕು.

ಅಗಲದಲ್ಲಿ ಮೋಸಹೋಗಬೇಡಿ. ಎರಡು ಗೋಡೆಗಳ ನಡುವಿನ ಮೂರು ಮೀಟರ್ ದಾರಿ ಸೈಕಲ್ ಸವಾರನಿಗೆ ಮೂರು ಮೀಟರ್ ಅಲ್ಲ. ಗೋಡೆಗೆ ಹ್ಯಾಂಡಲ್ ತಾಗದಂತೆ ಪ್ರತಿ ಬದಿಗೂ ಅರ್ಧ ಮೀಟರ್ ಬಿಟ್ಟುಕೊಂಡೇ ಎಲ್ಲರೂ ಓಡಿಸುತ್ತಾರೆ, ಬಳಕೆಗೆ ಉಳಿಯುವುದು ಎರಡೇ ಮೀಟರ್. ನಡೆದು ಹೋಗುವವರೂ ಅಲ್ಲೇ ಇರುತ್ತಾರೆ. ನಾಲ್ಕು ಮೀಟರ್ ಸಿಗದಿದ್ದರೆ ಗೋಡೆಯ ಬದಲು ಸೊಂಟದೆತ್ತರಕ್ಕಿಂತ ಕೆಳಗಿನ ಬೇಲಿ ಹಾಕಿ. ಇಕ್ಕಟ್ಟು ಕಡಿಮೆಯಾಗುತ್ತದೆ, ಅಕ್ಕಪಕ್ಕದ ಮನೆಯವರ ಕಣ್ಣೂ ದಾರಿಯ ಮೇಲಿರುತ್ತದೆ. ದಾರಿ ನೇರವಾಗಿರಲಿ. ಒಂದು ತುದಿಯಲ್ಲಿ ನಿಂತವರಿಗೆ ಇನ್ನೊಂದು ತುದಿ ಕಾಣದಿದ್ದರೆ ಸಂಜೆಯ ಮೇಲೆ ಯಾರೂ ಒಳಗೆ ಕಾಲಿಡುವುದಿಲ್ಲ.

ವಿರೋಧ ಬರುವುದು ‘ಹೊರಗಿನವರು ನುಗ್ಗುತ್ತಾರೆ’ ಎಂಬ ಭಯದಿಂದ. ಅದಕ್ಕೆ ಪರಿಹಾರವೆಂದು ಗೇಟು ಹಾಕಿ ರಾತ್ರಿ ಬೀಗ ಹಾಕುವುದು ವಾಡಿಕೆ. ಬೀಗ ಬಿದ್ದ ದಾರಿಯನ್ನು ಬೆಳಗಿನ ಪಾಳಿಗೆ ಹೋಗುವವರು, ರಾತ್ರಿ ಪಾಳಿ ಮುಗಿಸಿ ಬರುವವರು ನಂಬಲಾರರು. ಎರಡು ಸಲ ಬೀಗದ ಮುಂದೆ ನಿಂತು ವಾಪಸಾದವರು ಮೂರನೆಯ ಸಲ ಆ ಕಡೆ ಬರುವುದಿಲ್ಲ. ಬೈಕ್ ತಡೆಯಲೆಂದು ಹಾಕುವ ಅಡ್ಡಡ್ಡ ಕಬ್ಬಿಣದ ಕಂಬಿಗಳದ್ದೂ ಇದೇ ಕತೆ: ಬೈಕಿನವರು ಓರೆಯಾಗಿ ಹೇಗೋ ನುಸುಳುತ್ತಾರೆ, ಕಾರ್ಗೋ ಸೈಕಲ್ಲೂ ಗಾಲಿಕುರ್ಚಿಯೂ ಆಚೆಯೇ ಉಳಿಯುತ್ತವೆ. ಕಾರು ತಡೆಯುವುದಷ್ಟೇ ಉದ್ದೇಶವಾದರೆ ನಡುವೆ ಒಂದೇ ಕಂಬ ನೆಟ್ಟು ಎರಡೂ ಬದಿಗೆ 1.5 ಮೀಟರ್ ಬಿಡಿ. ಕಂಬಕ್ಕೆ ಹೊಳೆಯುವ ಪಟ್ಟಿ ಸುತ್ತುವುದನ್ನು ಮರೆತರೆ ಕತ್ತಲಲ್ಲಿ ಅದೇ ಅಪಘಾತದ ಕಾರಣ.

ಬೀದಿಯನ್ನೇ ಶಾಂತಗೊಳಿಸುವುದು

ಬಡಾವಣೆಗೂ ಸೈಕಲ್ ದಾರಿಗೂ ನಡುವೆ ಮನೆಗಳ ಬೀದಿಯೇ ಇದ್ದರೆ ಪ್ರತ್ಯೇಕ ಪಥದ ಅಗತ್ಯ ಬೀಳದೆ ಇರಬಹುದು. ಸೈಕಲ್ಲೂ ಕಾರೂ ಒಟ್ಟಿಗೆ ಹೋಗಲು ಎರಡು ಷರತ್ತು: ವೇಗ ಗಂಟೆಗೆ 30 ಕಿ.ಮೀ. ಮೀರಬಾರದು, ಮೋಟಾರು ವಾಹನಗಳ ಸಂಖ್ಯೆ ದಿನಕ್ಕೆ ಸುಮಾರು 2,000 ದಾಟಬಾರದು. ಇವೆರಡೂ ಒಟ್ಟಿಗೇ ಈಡೇರಬೇಕು. ಫಲಕ ನೆಟ್ಟ ಮಾತ್ರಕ್ಕೆ ವೇಗ ಇಳಿಯುವುದಿಲ್ಲ. ಹಂಪ್ ಹಾಕಿ ವೇಗ ಇಳಿಸಿ, ವಾಹನಗಳ ಸಂಖ್ಯೆ ಹಾಗೇ ಬಿಟ್ಟರೆ ಬೆನ್ನ ಹಿಂದೆ ಹಾರನ್ ಒತ್ತುವ ಕಾರಿನ ಸಾಲು ಕರಗುವುದಿಲ್ಲ.

ಸಂಖ್ಯೆ ಇಳಿಸಲು ಒಂದೇ ನಂಬಿಕೆಯ ಉಪಾಯ: ಬೀದಿಯ ನಡುವೆ ಒಂದು ಕಡೆ ಕಂಬ ಅಥವಾ ದೊಡ್ಡ ಹೂಕುಂಡ ಇಟ್ಟು ಕಾರಿನ ಆರ್‌ಪಾರ್ ಓಡಾಟ ನಿಲ್ಲಿಸುವುದು. ಪ್ರತಿ ಮನೆಗೂ ಒಂದು ಕಡೆಯಿಂದ ಕಾರು ಹೋಗುತ್ತದೆ. ಅಡ್ಡದಾರಿ ಹಿಡಿಯುವವರಿಗೆ ಮಾತ್ರ ಬೀದಿ ಮುಚ್ಚಿರುತ್ತದೆ, ಸೈಕಲ್ಲು ನೇರ ಹೋಗುತ್ತದೆ. ಅಗ್ನಿಶಾಮಕ ವಾಹನ ಬರಲೇಬೇಕಾದ ಜಾಗದಲ್ಲಿ ಬೀಗ ತೆಗೆದು ಮಡಚುವ ಕಂಬ ಹಾಕುತ್ತಾರೆ. ಹೂಕುಂಡ ಇಡುವುದಾದರೆ ಅವರಿಗೆ ಬೇರೆ ದಾರಿ ಇದೆಯೆಂದು ಮೊದಲೇ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಇಲ್ಲವಾದರೆ ಒಂದು ದೂರಿಗೆ ಕುಂಡ ಎತ್ತಿಸಿಬಿಡುತ್ತಾರೆ.

ಖರ್ಚು ಕಡಿಮೆ, ತಿಂಗಳೊಪ್ಪತ್ತಿನಲ್ಲಿ ಮುಗಿಯುತ್ತದೆ, ಸರಿಬರದಿದ್ದರೆ ಜಾಗ ಬದಲಿಸಬಹುದು. ತೊಡಕು ರಾಜಕೀಯದ್ದು. ಹೊಸ ಬಡಾವಣೆಯವರಿಗಾಗಿ ಹಳೆಯ ಬೀದಿಯವರ ಕಾರಿಗೆ ಸುತ್ತು ಎಂಬ ಮಾತು ಏಳುತ್ತದೆ. ಬೀದಿಯವರಿಗೆ ತಮ್ಮ ಮನೆಯ ಮುಂದಿನ ವಾಹನಗಳು ಎಷ್ಟು ಕಡಿಮೆಯಾಗುತ್ತವೆ ಎಂದು ಎಣಿಸಿ ತೋರಿಸಿದರೆ ಮಾತು ಬೇರೆ ದಿಕ್ಕಿಗೆ ಹೊರಳಬಹುದು. ಎಣಿಕೆಗೆ ಯಂತ್ರ ಬೇಕೆಂದಿಲ್ಲ. ಕೆಲಸದ ದಿನ ದಟ್ಟಣೆಯ ಒಂದು ಗಂಟೆ ಇಬ್ಬರು ಕುಳಿತು ಗೀಟು ಹಾಕಿದರೆ, ಅದರ ಹತ್ತು ಪಟ್ಟು ದಿನದ ಅಂದಾಜು. 200 ದಾಟಿತೋ, ಷರತ್ತು ಮುರಿದಿದೆ.

ಮುಖ್ಯರಸ್ತೆಯ ಪಕ್ಕದ ಪಥ

ಬಡಾವಣೆಯ ಏಕೈಕ ಬಾಗಿಲು ದೊಡ್ಡ ರಸ್ತೆಗೇ ತೆರೆದಿದ್ದರೆ ಇದರಿಂದ ತಪ್ಪಿಸಿಕೊಳ್ಳಲಾಗದು. ಇಲ್ಲಿ ಮೊದಲು ಎರಡು ಅಗ್ಗದ ಆಮಿಷಗಳನ್ನು ಪಕ್ಕಕ್ಕಿಡೋಣ. ಒಂದು, ರಸ್ತೆಯ ಮೇಲೆ ಬರೀ ಬಣ್ಣ ಬಳಿದ ಲೇನ್. ಬಣ್ಣ ಲಾರಿಯನ್ನು ತಡೆಯುವುದಿಲ್ಲ, ಜೊತೆಗೆ ಅದು ನಿಂತ ಕಾರುಗಳಿಗೆ ಹಾಸಿಗೆಯಾಗುತ್ತದೆ. ಇನ್ನೊಂದು, ಫುಟ್‌ಪಾತಿಗೆ ಸೈಕಲ್ ಚಿತ್ರದ ಫಲಕ ನೆಟ್ಟು ‘ಹಂಚಿಕೊಂಡ ದಾರಿ’ ಎನ್ನುವುದು. ನಡೆಯುವವರು ವಿರಳವಾದ ಊರಾಚೆಯ ರಸ್ತೆಯಲ್ಲಿ ಮೂರು ಮೀಟರ್ ಅಗಲವಿದ್ದರೆ ಅದು ನಡೆದೀತು. ಬಸ್ ನಿಲ್ದಾಣ, ಅಂಗಡಿ, ಶಾಲೆ ಬಂದ ಕೂಡಲೇ ಹಿರಿಯರಿಗೂ ಸೈಕಲ್ಲಿನವರಿಗೂ ದಿನಾ ಕಿರಿಕಿರಿ. ಕಣ್ಣು ಕಾಣದವರಿಗಂತೂ ಸದ್ದಿಲ್ಲದೆ ಬರುವ ಸೈಕಲ್ಲು ಕಾರಿಗಿಂತ ಭಯ.

ನಿಜವಾದ ಆಯ್ಕೆ ಇರುವುದು ಎರಡರ ನಡುವೆ: ರಸ್ತೆಯ ಎರಡೂ ಬದಿಗೆ ಒಂದೊಂದು ಏಕಮುಖ ಪಥ, ಅಥವಾ ಒಂದೇ ಬದಿಗೆ ದ್ವಿಮುಖ ಪಥ. ದ್ವಿಮುಖ ಪಥಕ್ಕೆ ಮೂರು ಮೀಟರ್ ಅಗಲ ಇರಲಿ, ಇಕ್ಕಟ್ಟಿನ ತುಂಡಿನಲ್ಲಿ ಎರಡಕ್ಕಿಂತ ಕೆಳಗೆ ಹೋಗಕೂಡದು. ಏಕಮುಖಕ್ಕೆ ಎರಡು ಮೀಟರ್, ಕನಿಷ್ಠ 1.5. ದ್ವಿಮುಖದಿಂದ ಜಾಗ ಉಳಿಯುತ್ತದೆ, ಚರಂಡಿ ಮತ್ತು ದೀಪದ ಖರ್ಚು ಒಂದೇ ಬದಿಗೆ. ಬಡಾವಣೆಯೂ ಶಾಲೆಯೂ ರಸ್ತೆಯ ಒಂದೇ ಬದಿಯಲ್ಲಿದ್ದರೆ, ನಡುವೆ ಅಡ್ಡರಸ್ತೆಗಳು ಒಂದೋ ಎರಡೋ ಇದ್ದರೆ ಅದನ್ನೇ ಆರಿಸಿ.

ಅಡ್ಡರಸ್ತೆ ಹೆಚ್ಚಾದಷ್ಟೂ ದ್ವಿಮುಖ ಪಥ ಅಪಾಯದ್ದಾಗುತ್ತದೆ. ಅಡ್ಡರಸ್ತೆಯಿಂದ ಮುಖ್ಯರಸ್ತೆಗೆ ನುಗ್ಗುವ ಚಾಲಕ ವಾಹನ ಬರುವ ದಿಕ್ಕಿಗೆ ಮಾತ್ರ ಕತ್ತು ತಿರುಗಿಸುತ್ತಾನೆ. ಎದುರು ದಿಕ್ಕಿನಿಂದ ಬರುವ ಸೈಕಲ್ಲು ಅವನ ಲೆಕ್ಕದಲ್ಲೇ ಇರುವುದಿಲ್ಲ. ಪ್ರತಿ ಮನೆಯ ಗೇಟೂ, ಪೆಟ್ರೋಲ್ ಬಂಕಿನ ಬಾಯಿಯೂ ಇಂಥದೇ ಅಡ್ಡರಸ್ತೆ ಎಂದು ಎಣಿಸಿ.

ಅಡ್ಡರಸ್ತೆಯನ್ನು ದಾಟುವ ಜಾಗದ ವಿನ್ಯಾಸಕ್ಕೆ ಇಡೀ ಪಥದ ಮಿಕ್ಕೆಲ್ಲ ಕೆಲಸಕ್ಕಿಂತ ಹೆಚ್ಚು ಗಮನ ಕೊಡಬೇಕು. ಪಥವನ್ನು ಮುಖ್ಯರಸ್ತೆಯ ಅಂಚಿನಿಂದ ಸುಮಾರು ಐದು ಮೀಟರ್, ಅಂದರೆ ಒಂದು ಕಾರಿನಷ್ಟು, ಒಳಕ್ಕೆ ಸರಿಸಿ ದಾಟಿಸಿ. ತಿರುಗಿದ ಕಾರು ಮುಖ್ಯರಸ್ತೆಯ ಹರಿವಿಗೆ ಅಡ್ಡವಾಗದೆ ಅಲ್ಲಿ ನಿಂತು ಸೈಕಲ್ಲಿಗೆ ದಾರಿ ಬಿಡಬಹುದು, ಆ ಹೊತ್ತಿಗೆ ಚಾಲಕನ ಮುಖವೂ ಪಥಕ್ಕೆ ನೇರವಾಗಿರುತ್ತದೆ. ದಾಟುವ ಜಾಗ ಪಥದ ಎತ್ತರದಲ್ಲೇ ಮುಂದುವರಿಯಲಿ. ಏರಿ ಇಳಿಯಬೇಕಾದದ್ದು ಕಾರು. ಮೂಲೆಯ ತಿರುವು ಬಿಗಿಯಾಗಿರಲಿ. ಮೂಲೆ ಅಗಲವಾಗಿ ದುಂಡಗಾದರೆ ಕಾರು ಬ್ರೇಕಿನ ಮೇಲೆ ಕಾಲಿಡದೆ ತಿರುಗುತ್ತದೆ. ಹೊಸ ಬಡಾವಣೆಯ ಮುಖ್ಯ ಬಾಯಿಯನ್ನೇ ಹೀಗೆ ಅಗಲವಾಗಿ ಕಟ್ಟುವುದು ಸಾಮಾನ್ಯ. ಕಾರಣ ಕೇಳಿದರೆ ಕಸದ ಲಾರಿ ತಿರುಗಬೇಕು ಎನ್ನುತ್ತಾರೆ. ದಿನಕ್ಕೊಮ್ಮೆ ಬರುವ ಲಾರಿ ಎದುರಿನ ಲೇನಿಗೆ ಸ್ವಲ್ಪ ಚಾಚಿ ತಿರುಗಿದರೆ ಆಕಾಶವೇನೂ ಕಳಚಿಬೀಳದು.

ರಸ್ತೆಗೂ ಪಥಕ್ಕೂ ನಡುವೆ ಅಂತರ ಬೇಕು: ವಾಹನಗಳು ಗಂಟೆಗೆ 50 ಕಿ.ಮೀ.ಯಲ್ಲಿ ಓಡುವ ಕಡೆ ಅರ್ಧ ಮೀಟರ್, 80ರಲ್ಲಿ ಓಡುವ ಕಡೆ ಎರಡು ಮೀಟರ್. ಲಾರಿ ಹಾದುಹೋದಾಗ ಏಳುವ ಗಾಳಿಯೇ ಮಗುವಿನ ಸೈಕಲ್ಲನ್ನು ಅಲುಗಿಸುತ್ತದೆ. ಅಂಚುಗಲ್ಲು ನೆಟ್ಟಗೆ ನಿಂತಿದ್ದರೆ ಪೆಡಲ್ ತಾಗುತ್ತದೆ, ಅದಕ್ಕಾಗಿ ಸವಾರರು 20 ಸೆಂ.ಮೀ. ದೂರ ಸರಿಯುತ್ತಾರೆ, ಓರೆಗಲ್ಲು ಹಾಕಿದರೆ ಆ ಅಗಲ ಪುಕ್ಕಟೆಯಾಗಿ ವಾಪಸು ಸಿಗುತ್ತದೆ. ಚರಂಡಿ ಜಾಲರಿಯ ಸೀಳುಗಳು ಸೈಕಲ್ ಹೋಗುವ ದಿಕ್ಕಿಗೆ ಅಡ್ಡವಾಗಿರಲಿ. ಉದ್ದಕ್ಕೆ ಕೂರಿಸಿದ ಜಾಲರಿಯಲ್ಲಿ ಮುಂಗಾಲಿ ಸಿಕ್ಕಿದರೆ ಸವಾರ ಹ್ಯಾಂಡಲಿನ ಮೇಲಿಂದ ಹಾರುತ್ತಾನೆ.

ಹಸಿರು ದಾರಿ

ಮಾರಾಟದ ಚಿತ್ರಪುಟಗಳಲ್ಲಿ ಎಲ್ಲಕ್ಕಿಂತ ಚೆಂದ ಕಾಣುವುದು ಇದು. ಕಾಲುವೆ, ಹಳೆಯ ರೈಲು ಹಳಿಯ ಜಾಡು, ಉದ್ಯಾನದ ಅಂಚು. ವಾಹನವಿಲ್ಲ, ಹೊಗೆಯಿಲ್ಲ, ಮಗು ಸೈಕಲ್ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ನೇರವಾಗಿ ಊರೊಳಗೆ ಹೋಗುವ ಜಾಡು ಸಿಕ್ಕಿದರೆ ಮುಖ್ಯರಸ್ತೆಯ ಪಥಕ್ಕಿಂತ ಇದೇ ಮೇಲು.

ಹೆಚ್ಚಿನ ಕಡೆ ಅದು ನೇರವಾಗಿ ಹೋಗುವುದಿಲ್ಲ ಎಂಬುದೇ ತೊಂದರೆ. ಇಂಗ್ಲೆಂಡಿನ ಮಿಲ್ಟನ್ ಕೀನ್ಸ್ ನಗರದಲ್ಲಿ 1970ರ ದಶಕದಿಂದ ಕಟ್ಟಿದ ‘ರೆಡ್‌ವೇ’ ದಾರಿಗಳ ಒಟ್ಟು ಉದ್ದ 300 ಕಿ.ಮೀ.ಗೂ ಹೆಚ್ಚು. ಕಾರಿಗೆ ಅಲ್ಲಿ ಚೌಕಚೌಕವಾದ ವೇಗದ ರಸ್ತೆಗಳು. ಸೈಕಲ್ಲಿಗೆ ಮನೆಗಳ ನಡುವೆ ಬಳಸಿ ಬಳಸಿ ಹೋಗುವ ದಾರಿ. ಅದೇ ದೇಶದ ಸ್ಟೀವನೇಜ್‌ನಲ್ಲಿ ಎಂಜಿನಿಯರ್ ಎರಿಕ್ ಕ್ಲಾಕ್ಸ್ಟನ್ ಅಂಡರ್‌ಪಾಸ್ ಸಹಿತ ಅಚ್ಚುಕಟ್ಟಾದ ಪಥಗಳನ್ನು ಹಾಕಿಸಿದರು, ಆದರೆ ಕಾರಿಗೂ ಅಷ್ಟೇ ಸರಾಗ ಮಾಡಿಕೊಟ್ಟಿದ್ದರಿಂದ ಜನ ಕಾರನ್ನೇ ಹಿಡಿದರು. ನೆದರ್ಲೆಂಡ್ಸಿನ ಹೌಟನ್ ಪಟ್ಟಣ ಇದನ್ನು ತಿರುಗಿಸಿ ಹಾಕಿತು. ಒಂದು ಬಡಾವಣೆಯಿಂದ ಇನ್ನೊಂದಕ್ಕೆ ಕಾರಿನಲ್ಲಿ ಹೋಗಬೇಕಾದರೆ ಊರ ಸುತ್ತಲಿನ ವರ್ತುಲ ರಸ್ತೆಗೆ ಹೋಗಿ ಬಳಸಿ ಬರಬೇಕು, ಸೈಕಲ್ಲು ಊರ ನಡುವಿನಿಂದ ನೇರ ಹೋಗುತ್ತದೆ, ಶಾಲೆಗಳೂ ನಿಲ್ದಾಣವೂ ಆ ಸೈಕಲ್ ದಾರಿಯ ಮೇಲೇ ಇವೆ. ಮೂರೂ ಕಡೆ ಕಾರಿಲ್ಲದ ದಾರಿಗಳಿದ್ದವು. ವ್ಯತ್ಯಾಸ ಬಂದದ್ದು ಸುತ್ತು ಯಾರ ಪಾಲಿಗೆ ಬಿತ್ತು ಎಂಬುದರಿಂದ.

ಕತ್ತಲಾದ ಮೇಲಿನ ಪ್ರಶ್ನೆ ಇನ್ನೂ ಗಟ್ಟಿ. ಅಕ್ಕಪಕ್ಕ ಮನೆಯ ಕಿಟಕಿಗಳಿಲ್ಲದ, ದೀಪವಿಲ್ಲದ ಮುನ್ನೂರು ಮೀಟರ್ ಇದ್ದರೆ ಅನೇಕ ಹೆಂಗಸರು ಸಂಜೆ ಆ ದಾರಿ ಬಿಡುತ್ತಾರೆ. ಹಗಲು ಮಾತ್ರ ನಡೆಯುವ ದಾರಿಯನ್ನು ಕೆಲಸಕ್ಕೆ ಹೋಗುವ ದಾರಿ ಎಂದು ಲೆಕ್ಕಕ್ಕೆ ಹಿಡಿಯಬಾರದು, ಏಕೆಂದರೆ ಬರುವಾಗ ಅದು ಇರುವುದಿಲ್ಲ. ಹಾಸಿನ ವಿಷಯ: ‘ನೈಸರ್ಗಿಕವಾಗಿ ಕಾಣಲಿ’ ಎಂದು ಜಲ್ಲಿಪುಡಿ ಹಾಕಿದರೆ ಏರಿರುವ ಕಡೆ ಮಳೆನೀರು ಸೀಳುಗಾಲುವೆ ತೋಡುತ್ತದೆ, ತಗ್ಗಿನಲ್ಲಿ ಕೆಸರು ನಿಲ್ಲುತ್ತದೆ. ಇಂಟರ್‌ಲಾಕ್ ಕಲ್ಲು ಅಗೆದು ಮತ್ತೆ ಕೂರಿಸಲು ಸುಲಭ, ಆದರೆ ಗಾಲಿ ಸದಾ ಗಡಗಡ ಎನ್ನುತ್ತದೆ, ತಳಹದಿ ಕುಸಿದ ಕಡೆ ಕಲ್ಲುಗಳು ಮೇಲೆ ಕೆಳಗಾಗುತ್ತವೆ. ದಿನನಿತ್ಯದ ದಾರಿಗೆ ಯಂತ್ರದಿಂದ ಹಾಸಿದ ಡಾಂಬರೇ ಸರಿ. ಮರದ ಸಾಲಿದ್ದರೆ ಹಾಸುವಾಗಲೇ ಅಂಚಿಗೆ ಬೇರು ತಡೆಯುವ ಹಲಗೆ ಇಳಿಸಿ. ಅದಿಲ್ಲದಿದ್ದರೆ ಕೆಲವೇ ವರ್ಷಗಳಲ್ಲಿ ಬೇರು ಡಾಂಬರನ್ನು ಎತ್ತಿ ಉಬ್ಬಿಸುತ್ತದೆ.

ದೊಡ್ಡ ರಸ್ತೆ ದಾಟುವುದು

ಬೇರೆಲ್ಲ ಆಯ್ಕೆ ಸರಿಹೋದರೂ ಈ ಒಂದು ಜಾಗದಲ್ಲಿ ಹಣ ಉಳಿಸಹೊರಟು ಯೋಜನೆ ಕೆಡಿಸಿಕೊಂಡವರು ಬಹಳ.

ಒಂದೊಂದು ದಿಕ್ಕಿಗೆ ಒಂದೇ ಲೇನ್ ಇದ್ದು, ವಾಹನಗಳ ನಡುವೆ ಆಗಾಗ ಬಿಡುವು ಸಿಗುವ ರಸ್ತೆಗೆ ನಡುದ್ವೀಪ ಸಾಕು: ಅರ್ಧ ದಾಟಿ, ನಿಂತು, ಇನ್ನರ್ಧ ದಾಟುವುದು. ದಾಟುವ ದಿಕ್ಕಿನಲ್ಲಿ ದ್ವೀಪದ ಆಳ ಮೂರು ಮೀಟರ್ ಇರಬೇಕು. ಎರಡು ಮೀಟರ್ ಬಿಟ್ಟು ಕಟ್ಟಿದ ದ್ವೀಪದಲ್ಲಿ ಕಾರ್ಗೋ ಸೈಕಲ್ಲಿನ ಬಾಲ ರಸ್ತೆಯ ಮೇಲೆ ಉಳಿಯುತ್ತದೆ. ಲೇನ್ ಎರಡಾದ ಕೂಡಲೇ ಈ ಉಪಾಯ ಕೆಲಸಕ್ಕೆ ಬಾರದು. ಹತ್ತಿರದ ಲೇನಿನ ಬಸ್ಸು ನಿಂತು ದಾರಿ ಕೊಡುತ್ತದೆ, ಅದರ ಮರೆಯಿಂದ ಎರಡನೇ ಲೇನಿನ ಕಾರು ಹಾರಿ ಬರುತ್ತದೆ.

ಅಲ್ಲಿಗೆ ಸಿಗ್ನಲ್ ಬೇಕು. ಸಿಗ್ನಲ್ಲಿನ ಗುಣ ಇರುವುದು ಅದರ ಸಮಯದಲ್ಲಿ. ಗುಂಡಿ ಒತ್ತಿ ಒಂದೂವರೆ ನಿಮಿಷ ಕಾಯಿಸಿದರೆ ಹುಡುಗರು ಕೆಂಪು ದೀಪದಲ್ಲೇ ಓಡುತ್ತಾರೆ. ಒಂದೇ ಬೀಸಿಗೆ ಪೂರ್ತಿ ರಸ್ತೆ ದಾಟಿಸುವುದು, ಹಸಿರು ದೀಪ ಬೇಗ ಬರುವುದು, ಸೈಕಲ್ಲನ್ನು ಮೊದಲೇ ಗುರುತಿಸುವ ಸಂವೇದಕ, ಇಷ್ಟನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ. ‘ಸಿಗ್ನಲ್ ಅಳವಡಿಸಲಾಗುವುದು’ ಎಂಬ ಒಂದು ಸಾಲಿಗೆ ತೃಪ್ತರಾಗಬೇಡಿ.

ಸೇತುವೆಯೋ ಅಂಡರ್‌ಪಾಸೋ ಎಂಬ ಪ್ರಶ್ನೆಗೆ ಎತ್ತರದ ಲೆಕ್ಕವೇ ಉತ್ತರ. ಲಾರಿಗಳ ಮೇಲೆ ಹಾಯುವ ಸೇತುವೆಗೆ ಸೈಕಲ್ಲನ್ನು ಸುಮಾರು ಆರು ಮೀಟರ್ ಏರಿಸಬೇಕು. ಶೇ. 3ರ ಏರಿನಲ್ಲಿ ಅದಕ್ಕೆ ಪ್ರತಿ ಬದಿಗೆ 200 ಮೀಟರ್ ಇಳಿಜಾರು, ನಡುವಿನ ಸಮತಟ್ಟು ಜಾಗ ಬೇರೆ. ಅಷ್ಟು ಜಾಗವಿಲ್ಲವೆಂದು ಅಂಕುಡೊಂಕಾಗಿ ಮಡಚಿದರೆ ಪ್ರತಿ ಮಡಿಕೆಯಲ್ಲೂ ಉದ್ದದ ಸೈಕಲ್ ಸಿಕ್ಕಿಕೊಳ್ಳುತ್ತದೆ. ಸೈಕಲ್ ಸವಾರನಿಗೆ ಬೇಕಾದ ತಲೆಯೆತ್ತರ 2.4ರಿಂದ 2.7 ಮೀಟರ್ ಮಾತ್ರ. ಮೇಲಿನ ರಸ್ತೆಯ ದಪ್ಪ ಸೇರಿಸಿದರೂ ಅಂಡರ್‌ಪಾಸಿಗೆ ಮೂರೂವರೆ ಮೀಟರ್ ಒಳಗೆ ಮುಗಿಯುತ್ತದೆ. ಮೇಲಾಗಿ ಅಂಡರ್‌ಪಾಸಿನಲ್ಲಿ ಮೊದಲು ಇಳಿಜಾರು, ಆ ವೇಗವೇ ಮುಂದಿನ ಏರನ್ನು ಹತ್ತಿಸುತ್ತದೆ. ಸೇತುವೆಯಲ್ಲಿ ಮೊದಲೇ ಬೆವರು.

ಹೊಸ ಬಡಾವಣೆಗೆ ಇಲ್ಲೊಂದು ಅನುಕೂಲವಿದೆ, ಹಳೆಯ ಊರಿಗೆ ಅದಿಲ್ಲ. ರಸ್ತೆಯನ್ನೇ ಹೊಸದಾಗಿ ಹಾಕುತ್ತಿದ್ದರೆ ಅದನ್ನು ಒಂದೂವರೆ ಮೀಟರ್ ಎತ್ತರಿಸಿ ಹಾಕಬಹುದು. ಆಗ ಸೈಕಲ್ ದಾರಿ ಇಳಿಯಬೇಕಾದದ್ದು ಎರಡೇ ಮೀಟರ್, ಇಳಿಜಾರು 70 ಮೀಟರಿಗೂ ಕಡಿಮೆ, ಆ ಕಡೆಯ ಬೆಳಕು ಈ ಕಡೆಗೆ ಕಾಣುತ್ತದೆ. ರಸ್ತೆ ಮುಗಿದ ಮೇಲೆ ಅಗೆದು ಕಟ್ಟುವ ಖರ್ಚಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ನೀರು ಮಾತ್ರ ಶತ್ರು. ತಳದಿಂದ ನೀರು ತಾನಾಗಿ ಹರಿದುಹೋಗುವ ತಗ್ಗು ಪಕ್ಕದಲ್ಲಿಲ್ಲದೆ ಪಂಪಿನ ಭರವಸೆಯ ಮೇಲೆ ಅಂಡರ್‌ಪಾಸ್ ಕಟ್ಟಿದರೆ ಮೊದಲ ಜೋರು ಮಳೆಗೆ ಅದು ಹೊಂಡ. ಅಂತಹ ನೆಲದಲ್ಲಿ ಸಿಗ್ನಲ್ಲೇ ವಾಸಿ.

ಯಾರಿಗೆ ಯಾವುದು

ಐವತ್ತು ನೂರು ಮನೆಗಳ ಸಣ್ಣ ಬಡಾವಣೆ, ಸುತ್ತ ಹಳೆಯ ಬೀದಿಗಳು, ಕೈಯಲ್ಲಿ ಹಣ ಕಡಿಮೆ: ಎರಡು ಕಡೆ ಒಳದಾರಿ, ಒಂದು ಬೀದಿಯಲ್ಲಿ ಕಂಬ. ಇಷ್ಟೇ ಸಾಕು, ಪ್ರತ್ಯೇಕ ಪಥದ ಕನಸು ಬೇಡ.

ಊರ ಹೊರಗಿನ ದೊಡ್ಡ ಬಡಾವಣೆ, ನಡುವೆ ಹೆದ್ದಾರಿ: ಮೊದಲ ಹಣ ದಾಟುವ ಜಾಗಕ್ಕೆ ಹೋಗಬೇಕು. ಪಥದ ಉದ್ದವನ್ನು ಹಂತಹಂತವಾಗಿ ಮಾಡಿಕೊಳ್ಳಬಹುದು, ಅಂಡರ್‌ಪಾಸನ್ನು ಹಂತಹಂತವಾಗಿ ಕಟ್ಟಲಾಗದು. ಇಂತಹ ಕಡೆ ಒಂದೇ ದಾರಿಗೆ ಎಲ್ಲವನ್ನೂ ಸುರಿಯುವುದೂ ತಪ್ಪು. ಊರೊಳಗಿನ ಸೈಕಲ್ ದಾರಿಗಳ ಜಾಲದಲ್ಲಿ ಎರಡು ದಾರಿಗಳ ನಡುವಿನ ಅಂತರ 250ರಿಂದ 400 ಮೀಟರ್ ಇರಬೇಕೆಂಬುದು ಒಪ್ಪಿತ ಅಳತೆ. ಒಂದು ಕಿಲೋಮೀಟರ್ ಅಗಲದ ಬಡಾವಣೆಗೆ ಒಂದೇ ಬಾಯಿ ಇದ್ದರೆ ಅಂಚಿನ ಮನೆಗಳಿಗೆ ಸುತ್ತು ತಪ್ಪುವುದಿಲ್ಲ.

ಎರಡು ಕಿಲೋಮೀಟರ್ ಒಳಗೆ ಶಾಲೆ ಇದ್ದು ಅದೇ ಮುಖ್ಯ ಗುರಿಯಾದರೆ, ನೇರದಾರಿಗಿಂತ ದುರ್ಬಲ ಜಾಗಕ್ಕೆ ಹೆಚ್ಚು ತೂಕ ಕೊಡಿ. ಎಂಟು ನಿಮಿಷದ ದಾರಿ ಹತ್ತು ನಿಮಿಷವಾದರೆ ಮಕ್ಕಳಿಗೆ ಚಿಂತೆಯಿಲ್ಲ. ಒಂದು ಕೆಟ್ಟ ವೃತ್ತವಿದ್ದರೆ ಪೋಷಕರು ಕಳಿಸುವುದಿಲ್ಲ. ಹಸಿರು ದಾರಿ ಇಲ್ಲಿ ಗೆಲ್ಲುತ್ತದೆ. ಗುರಿ ರೈಲು ನಿಲ್ದಾಣವೋ ಕಚೇರಿಗಳ ಪ್ರದೇಶವೋ ಆದರೆ ಲೆಕ್ಕ ತಿರುಗುತ್ತದೆ: ಮುಖ್ಯರಸ್ತೆಯ ಪಕ್ಕದ ಬೆಳಕಿರುವ ಪಥವೇ ಮೇಲು. ಎರಡಕ್ಕೂ ಹಣವಿಲ್ಲದಿದ್ದರೆ ಪಥವನ್ನು ಮೊದಲು ಕಟ್ಟಿ, ಹಸಿರು ದಾರಿಯ ಜಾಗವನ್ನು ನಕ್ಷೆಯಲ್ಲಿ ಕಾಯ್ದಿರಿಸಿ. ಕಾಯ್ದಿಟ್ಟ ಪಟ್ಟಿಗೆ ಖರ್ಚಿಲ್ಲ, ಮನೆ ಎದ್ದ ಮೇಲೆ ಅದನ್ನು ಕೊಳ್ಳಲಾಗದು.

ಸಹಿ ಹಾಕುವ ಮುನ್ನ

ಆಯ್ಕೆ ಸರಿಯಾಗಿದ್ದೂ ದಾರಿ ಹುಟ್ಟದೆ ಹೋಗುವುದಕ್ಕೆ ಕಾರಣಗಳು ಕಾಗದದಲ್ಲಿರುತ್ತವೆ. ಎಲ್ಲಕ್ಕಿಂತ ಕುತಂತ್ರದ್ದು ಸಣ್ಣ ಪಟ್ಟಿ: ಬಡಾವಣೆಯ ಪಥ ಮುಗಿಯುವ ಜಾಗಕ್ಕೂ ಸಾರ್ವಜನಿಕ ರಸ್ತೆಗೂ ನಡುವೆ ಒಂದು ಮೀಟರ್ ಅಗಲದ ನೆಲ ಖಾಸಗಿ ಹೆಸರಿನಲ್ಲೇ ಉಳಿದಿರುತ್ತದೆ. ನಕ್ಷೆಯಲ್ಲಿ ಎರಡೂ ಗೆರೆ ತಾಗಿದಂತೆ ಕಾಣುತ್ತವೆ. ನೆಲದಲ್ಲಿ ಬೇಲಿ ಏಳುತ್ತದೆ, ಆ ಒಂದು ಮೀಟರಿಗೆ ಮಾಲೀಕ ಬಾಯಿಗೆ ಬಂದ ಬೆಲೆ ಕೇಳುತ್ತಾನೆ. ‘ಗಡಿಯವರೆಗೆ’ ಎಂದು ಬರೆದಿರುವಲ್ಲೆಲ್ಲ ‘ಸಾರ್ವಜನಿಕ ರಸ್ತೆಯ ಅಂಚಿನವರೆಗೆ, ಅಲ್ಲಿನ ಮಟ್ಟಕ್ಕೆ ಸೇರುವಂತೆ’ ಎಂದು ತಿದ್ದಿಸಿ. ಮಟ್ಟದ ಮಾತು ಬಿಟ್ಟರೆ ಬಡಾವಣೆಯ ನೆಲ ತುಂಬಿಸಿ ಎತ್ತರಿಸಿದ ಮೇಲೆ ಕೊಂಡಿಯ ತುದಿಯಲ್ಲಿ ಮೆಟ್ಟಿಲು ಬರುತ್ತದೆ.

ವಿದ್ಯುತ್ ಪೆಟ್ಟಿಗೆ, ದೀಪದ ಕಂಬ, ಫಲಕಗಳ ಜಾಗ ಪಥದ ಅಗಲದ ಹೊರಗೆ ಎಂದು ಬರೆದಿರಬೇಕು. ಬರೆಯದಿದ್ದರೆ ಅವು ಬಂದು ಕೂರುವುದು ಪಥದ ಮೇಲೆಯೇ. ಪಥ ಯಾರಿಗೆ ಹಸ್ತಾಂತರವಾಗುತ್ತದೆ, ದೀಪದ ಬಿಲ್ಲು ಯಾರದು ಎಂಬುದೂ ಈಗಲೇ ತೀರ್ಮಾನವಾಗಲಿ. ನಿವಾಸಿಗಳ ಸಂಘದ ಹೆಸರಿನಲ್ಲಿ ಉಳಿದ ಪಥಕ್ಕೆ ಮುಂದೊಂದು ದಿನ ಬಹುಮತದಿಂದ ಗೇಟು ಬೀಳುವ ಸಾಧ್ಯತೆ ಇದ್ದೇ ಇದೆ.

ತೆರೆಯುವ ದಿನವನ್ನು ಮನೆಗಳ ಸಂಖ್ಯೆಗೆ ಕಟ್ಟಿಹಾಕುವುದು ವಾಡಿಕೆ: ಇಂತಿಷ್ಟು ಮನೆ ತುಂಬುವ ಮುನ್ನ ಕೊಂಡಿ ಮುಗಿದಿರಬೇಕು ಎಂದು. ಅಲ್ಲಿ ‘ಮುನ್ನೂರನೆಯ ಮನೆ’ ಎಂದಿದ್ದರೆ ಅದನ್ನು ಒಪ್ಪಬೇಡಿ. ಹೊಸ ಮನೆಗೆ ಬಂದವರು ಓಡಾಟದ ರೂಢಿಯನ್ನು ಕಟ್ಟಿಕೊಳ್ಳುವುದು ಮೊದಲ ಕೆಲವು ತಿಂಗಳಲ್ಲಿ. ಆಗ ದಾರಿ ಇಲ್ಲದಿದ್ದರೆ ಎರಡನೇ ಕಾರು ಬರುತ್ತದೆ, ಆಮೇಲೆ ಪಥ ತೆರೆದರೂ ಅದು ಮನೆ ಮುಂದೆ ನಿಂತೇ ಇರುತ್ತದೆ. ಮೊದಲ ಮನೆಯ ಕೀಲಿ ಕೊಡುವ ಮುನ್ನ ಎಂಬುದೇ ಸರಿಯಾದ ಷರತ್ತು. ಕಟ್ಟುವವರು ಒಪ್ಪದಿದ್ದರೆ ತಾತ್ಕಾಲಿಕ ಡಾಂಬರು ಹಾಸು, ದೀಪ, ಮತ್ತು ಕಾಮಗಾರಿಯ ಲಾರಿಗಳಿಗೆ ಬೇರೆ ಬಾಯಿ, ಈ ಮೂರನ್ನಾದರೂ ಮೊದಲ ದಿನಕ್ಕೆ ಕೇಳಿ. ಅಂತಿಮ ಪದರ ಲಾರಿಗಳ ಓಡಾಟ ನಿಂತ ಮೇಲೆ ಬರಲಿ, ಅದರ ಖರ್ಚಿನಷ್ಟು ಠೇವಣಿ ಅಲ್ಲಿಯವರೆಗೆ ಸ್ಥಳೀಯ ಆಡಳಿತದ ಕೈಯಲ್ಲಿರಲಿ.